ತಿಂದದ್ದು ಮೈಗೆ ಹತ್ತುತ್ತಿದೆಯೇ ಎಂದು ಕೇಳಿದ ಚಿಕಿತ್ಸಾಲಯ

ಎರಡು ವರ್ಷಗಳಿಂದ ನನ್ನ ತಾಯಿಯವರನ್ನು ಕಾಡುತ್ತಿದ್ದ ರಕ್ತಹೀನತೆಗೆ ಎಲ್ಲರೂ ನುಗ್ಗೆಸೊಪ್ಪು, ರಾಗಿ, ಖರ್ಜೂರಗಳನ್ನೇ ಸೂಚಿಸುತ್ತಿದ್ದರು. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ನುಂಗಿದರೂ ಹಿಮೋಗ್ಲೋಬಿನ್ 9ನ್ನು ದಾಟಲಿಲ್ಲ. ಮೈಸೂರಿನ ಚಿಕ್ಕ ಚಿಕಿತ್ಸಾಲಯವೊಂದರ ಜಠರರೋಗ ತಜ್ಞೆ ಮಾತ್ರ, ಏನು ತಿನ್ನುತ್ತೀರಿ ಎಂಬ ಪ್ರಶ್ನೆಯಲ್ಲೇ ನಿಲ್ಲದೆ, ತಿಂದದ್ದು ಮೈಗೆ ಹತ್ತುತ್ತಿದೆಯೇ ಎಂದು ವಿಚಾರಿಸಿದರು.

ಎಂಡೋಸ್ಕೋಪಿಯಲ್ಲಿ ಪತ್ತೆಯಾದದ್ದು ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕು. ಜಠರದ ಒಳಪದರದಲ್ಲಿ ದಶಕಗಳ ಕಾಲ ಉಳಿಯಬಲ್ಲ ಈ ಬ್ಯಾಕ್ಟೀರಿಯಾ ಉರಿಯೂತವನ್ನುಂಟುಮಾಡಿ ಆಮ್ಲದ ಸ್ರಾವವನ್ನು ಕುಗ್ಗಿಸಿದಾಗ, ಎಷ್ಟೇ ಪೌಷ್ಟಿಕವಾದುದನ್ನು ಉಂಡರೂ ಕಬ್ಬಿಣಾಂಶವನ್ನೂ ಬಿ12 ಜೀವಸತ್ವವನ್ನೂ ದೇಹವು ಸರಿಯಾಗಿ ಹೀರಿಕೊಳ್ಳಲಾರದೆಂದು ಅವರು ಚಿತ್ರ ಬರೆದು ವಿವರಿಸಿದರು. ಹೊಟ್ಟೆಯ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂಬ ಹಳೆಯ ನಂಬಿಕೆಯನ್ನು ಬದಲಿಸಿದ ಆಸ್ಟ್ರೇಲಿಯಾದ ವೈದ್ಯರಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ದೊರೆತದ್ದೂ ಇದೇ ಬ್ಯಾಕ್ಟೀರಿಯಾದ ಶೋಧಕ್ಕಾಗಿ.

14 ದಿನಗಳ ಔಷಧಿ ಮುಗಿದು ನಾಲ್ಕು ವಾರಗಳಾದ ಮೇಲೆ ಉಸಿರಿನ ಪರೀಕ್ಷೆ ಮಾಡಿಸಿ, ಸೋಂಕು ಹೋಗಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಆ ತಜ್ಞೆ ಸಮಾಧಾನಪಟ್ಟರು. ಈ ಹಂತವನ್ನು ಅನೇಕರು ಬಿಟ್ಟುಬಿಡುವುದರಿಂದ ಇದನ್ನು ವಿಶೇಷವಾಗಿ ಮೆಚ್ಚಿದ್ದೇನೆ. ಊಟದ ವಿಚಾರವನ್ನೂ ಅವರು ಕಡೆಗಣಿಸಲಿಲ್ಲ. ಕಬ್ಬಿಣಾಂಶ ಹೀರಿಕೆಗೆ ಅಡ್ಡಿಯಾಗುವುದರಿಂದ ಊಟದ ಜೊತೆಗೇ ಕಾಫಿ ಕುಡಿಯಬಾರದೆಂದರು. ಕಾಫಿಗಾಗಿ ಎರಡು ಗಂಟೆ ಕಾಯಬೇಕಾಗುವುದು ಹಿರಿಯರಿಗೆ ಕಷ್ಟವೇ. ಆದರೂ ಆರು ತಿಂಗಳಲ್ಲಿ ಅಮ್ಮನ ಹಿಮೋಗ್ಲೋಬಿನ್ 11.8ಕ್ಕೆ ಏರಿದೆ, ಮಹಡಿಯ ಮೆಟ್ಟಿಲನ್ನು ಅವರೀಗ ನಿಲ್ಲದೆ ಹತ್ತುತ್ತಾರೆ.