ಮೊದಲು ತೊಳೆದು, ಆಮೇಲೆ ಸ್ಪ್ಯಾನರ್ ಹಿಡಿದ ಗ್ಯಾರೇಜು

ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಮೂರನೇ ವಾರ. ಬೆಳಗ್ಗೆ ಕಾರು ಹೊರಗೆ ತೆಗೆದರೆ ನೆಲದ ಮೇಲೆ ಬಾಟಲಿ ಮುಚ್ಚಳದಷ್ಟು ಅಗಲದ ಕಲೆ. ಎಸಿ ನೀರಿರಬೇಕು ಅಂದುಕೊಂಡು ಬೆರಳು ಅದ್ದಿದೆ. ಜಿಡ್ಡು. ಮೂಸಿ ನೋಡಿದರೆ ಕೊಳೆತ ಮೊಟ್ಟೆ, ಸುಟ್ಟ ರಬ್ಬರ್ ಎರಡೂ ಸೇರಿದ ಹಾಗೆ ಒಂದು ವಾಸನೆ. ಎಂಜಿನ್ ಆಯಿಲ್‌ಗೆ ಈ ವಾಸನೆ ಇರುವುದಿಲ್ಲ. ಇದು ಗೇರ್ ಆಯಿಲ್‌ನಲ್ಲಿರುವ ಗಂಧಕದ ವಾಸನೆ. ಒಮ್ಮೆ ಮೂಸಿದರೆ ಮರೆಯುವ ಹಾಗಿಲ್ಲ, ಎರಡು ಸಲ ಸೋಪು ಹಾಕಿ ತಿಕ್ಕಿದರೂ ಕೈ ಬಿಟ್ಟು ಹೋಗುವುದಿಲ್ಲ.

ಮ್ಯಾನ್ಯುಯಲ್ ಗೇರ್ ಬಾಕ್ಸಿನ ಲೀಕ್ ಅಂತ ಅಲ್ಲಿಗೆ ಗೊತ್ತಾಯಿತು. ಎಲ್ಲಿಂದ ಅಂತ ಗೊತ್ತಾಗಲು ಎರಡು ಗ್ಯಾರೇಜು ಹತ್ತಬೇಕಾಯಿತು. ಎರಡರ ಹೆಸರೂ ಬೇಡ, ಕೆಲಸ ಹೇಗೆ ಮಾಡಿದರು ಅಂತ ಮಾತ್ರ ಹೇಳುತ್ತೇನೆ.

ಮೊದಲನೆಯವರು ಕಾರನ್ನು ಲಿಫ್ಟಿಗೆ ಏರಿಸಿ ಎರಡು ನಿಮಿಷ ಟಾರ್ಚ್ ಬಿಟ್ಟರು. ಗೇರ್ ಬಾಕ್ಸ್ ಇಳಿಸಬೇಕು, ಇನ್‌ಪುಟ್ ಶಾಫ್ಟ್ ಸೀಲ್ (ಎಂಜಿನ್ ಕಡೆಯಿಂದ ಬರುವ ಶಾಫ್ಟಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಉಂಗುರ) ಹೋಗಿದೆ, ಹೇಗೂ ಇಳಿಸುತ್ತೇವಲ್ಲ, ಕ್ಲಚ್ ಸೆಟ್ ಕೂಡ ಹಾಕಿಬಿಡಿ ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದೆ. 'ಕೆಳಗೆಲ್ಲ ಎಣ್ಣೆನೇ ಇದೆಯಲ್ಲ ಸಾರ್' ಅಂದರು. ನಿಜ, ಕೆಳಗೆಲ್ಲ ಎಣ್ಣೆನೇ ಇತ್ತು. ಎಲ್ಲಾ ಕಡೆ ಇದ್ದ ಮೇಲೆ ಇಂಥದ್ದೇ ಜಾಗದಿಂದ ಬಂತು ಅಂತ ಎರಡು ನಿಮಿಷದಲ್ಲಿ ಹೇಗೆ ಹೇಳಿದರೋ! ಗೇರ್ ಬಾಕ್ಸ್ ಇಳಿಸಿದಾಗ ಕ್ಲಚ್ ನೋಡಿಬಿಡೋದು ಒಳ್ಳೆ ಸಲಹೆಯೇ, ಎರಡಕ್ಕೂ ಅದೇ ಬಿಚ್ಚುವ ಕೆಲಸ. ಆದರೆ ಮೊದಲು ಇಳಿಸುವ ಅಗತ್ಯ ಇರಬೇಕಲ್ವಾ? ಯೋಚನೆ ಮಾಡಿ ಹೇಳುತ್ತೇನೆ ಅಂತ ವಾಪಸ್ ಬಂದೆ.

ಆ ರಾತ್ರಿ ಕಾರಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿದೆ. ಮುಂದಿನ ಎರಡು ಚಕ್ರ ಎಲ್ಲಿ ಬರುತ್ತವೆ ಅಂತ ಪೆನ್ನಿನಲ್ಲಿ ಗುರುತು ಹಾಕಿದೆ. ಬೆಳಗ್ಗೆ ಎಡ ಚಕ್ರದಿಂದ ಸ್ವಲ್ಪ ಒಳಗೆ ಒಂದೇ ಜಾಗದಲ್ಲಿ ಕಲೆ. ಇಡೀ ರಿಪೇರಿಯಲ್ಲಿ ನಾನು ಮಾಡಿದ ಘನಕಾರ್ಯ ಇದೊಂದೇ, ಆದರೆ ಕೆಲಸಕ್ಕೆ ಬಂತು.

ಹನಿ ತಾನೇ, ಆಗಾಗ ಮೇಲಿಂದ ಹಾಕಿಕೊಂಡರಾಯಿತು ಅಂತ ಸ್ನೇಹಿತನೊಬ್ಬ ಹೇಳಿದ. ಲೆಕ್ಕ ಹಾಕಿ ನೋಡಿ. ಸುಮಾರು 20 ಹನಿಗೆ 1 ಮಿಲಿಲೀಟರ್. ನಿಮಿಷಕ್ಕೊಂದು ಹನಿ ಬಿದ್ದರೆ ದಿನಕ್ಕೆ 1440 ಹನಿ, ಅಂದರೆ 72 ಮಿಲಿಲೀಟರ್. 2 ಲೀಟರ್ ಹಿಡಿಯುವ ಗೇರ್ ಬಾಕ್ಸ್ ಎರಡು ವಾರದಲ್ಲಿ ಅರ್ಧ ಖಾಲಿ. ಎಂಜಿನ್‌ಗಾದರೆ ಆಯಿಲ್ ಲೈಟ್ ಇದೆ, ಡಿಪ್‌ಸ್ಟಿಕ್ ಇದೆ. ಮ್ಯಾನ್ಯುಯಲ್ ಗೇರ್ ಬಾಕ್ಸಿಗೆ ಸಾಮಾನ್ಯವಾಗಿ ಎರಡೂ ಇಲ್ಲ. ಒಳಗಿನ ಬೇರಿಂಗ್ ಕೂಗಲು ಶುರು ಮಾಡಿದಾಗಲೇ ನಮಗೆ ಗೊತ್ತಾಗುವುದು.

ಎರಡನೇ ಗ್ಯಾರೇಜಿನ ಯಜಮಾನರು ಬಾನೆಟ್ ಎತ್ತುವ ಮೊದಲೇ ಪ್ರಶ್ನೆ ಶುರು ಮಾಡಿದರು. ನಿಂತಾಗ ಬೀಳುತ್ತದಾ, ಓಡಿಸಿ ಬಂದ ಮೇಲಾ? ಯಾವ ಕಡೆ? ಈ ಕಡೆ ಸಸ್ಪೆನ್ಷನ್ ಕೆಲಸ ಆಗಿದೆಯಾ? ರಟ್ಟು ತೋರಿಸಿದೆ. ಖುಷಿಯಾಗಿ ತೆಗೆದು ಪಕ್ಕಕ್ಕಿಟ್ಟುಕೊಂಡರು. ಆಮೇಲೆ ರಿಪೇರಿಯ ಮಾತೇ ಇಲ್ಲ, ಡಿಗ್ರೀಸರ್ ಹೊಡೆದು, ಬ್ರಶ್‌ನಲ್ಲಿ ತಿಕ್ಕಿ, ನೀರು ಬಿಟ್ಟು, ಗಾಳಿ ಹೊಡೆದು ಒಣಗಿಸಿ, ಇಡೀ ಗೇರ್ ಬಾಕ್ಸನ್ನು ಹೊಸದರ ಥರ ಮಾಡಿದರು. ಅದಕ್ಕೇ ಒಂದು ಗಂಟೆ ಹೋಯಿತು. ಕೊನೆಗೆ ಮೈಗೆ ಹಚ್ಚುವ ಟಾಲ್ಕಂ ಪೌಡರ್ ತಂದು ಮೇಲೆಲ್ಲ ಉದುರಿಸಿ, 'ಹೋಗಿ, 10 ಕಿಲೋಮೀಟರ್ ಓಡಿಸಿಕೊಂಡು ಬನ್ನಿ' ಅಂದರು.

ಓಡಿಸಿಕೊಂಡು ಬಂದೆ. ಏನೂ ಇಲ್ಲ. ನನಗೆ ಮುಖಭಂಗ, ಅವರಿಗೆ ಆತುರವೇ ಇಲ್ಲ. ಇನ್ನೊಂದು ಸುತ್ತು, ಈ ಸಲ ಗೇರ್ ಬಾಕ್ಸ್ ಚೆನ್ನಾಗಿ ಬಿಸಿಯಾಗುವಷ್ಟು. ವಾಪಸ್ ಬಂದು ಲಿಫ್ಟಿಗೆ ಏರಿಸಿ ನನ್ನನ್ನೂ ಕೆಳಗೆ ಕರೆದರು. ಬೆಳ್ಳಗಿನ ಪೌಡರ್ ಮೇಲೆ ದಾರದಷ್ಟು ತೆಳ್ಳಗೆ ಒಂದು ಕಂದು ಗೆರೆ. ಎಡ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಗೇರ್ ಬಾಕ್ಸಿನೊಳಗೆ ಹೋಗುವ ಜಾಗದಲ್ಲಿ ಶುರುವಾಗಿ ಹಿಂದಕ್ಕೆ ಹರಡಿತ್ತು. ಕಾರು ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಅದಕ್ಕೇ ಜಾಸ್ತಿ ಒದ್ದೆ ಇರುವ ಜಾಗ ನೋಡಬೇಡಿ, ಒದ್ದೆಯಾಗಿರುವುದರಲ್ಲಿ ತೀರಾ ಮೇಲೆ, ತೀರಾ ಮುಂದೆ ಎಲ್ಲಿದೆ ಅಂತ ನೋಡಿ ಅಂದರು. ಇನ್‌ಪುಟ್ ಶಾಫ್ಟ್ ಸೀಲ್ ಹೋಗಿದ್ದರೆ ಎಂಜಿನ್ನೂ ಗೇರ್ ಬಾಕ್ಸೂ ಸೇರುವ ಬೆಲ್ ಹೌಸಿಂಗ್‌ನ ಅಡಿಯಿಂದ ಹನಿಯಬೇಕಿತ್ತು. ಅಲ್ಲಿ ಪೌಡರ್ ಹಾಕಿದ ಹಾಗೇ ಇತ್ತು. ಗೇರ್ ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು.

ಅಷ್ಟಕ್ಕೇ ಬಿಡಲಿಲ್ಲ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿದರು. ಬೇರಿಂಗ್ ಸವೆದು ಶಾಫ್ಟ್ ಕುಣಿಯುತ್ತಿದ್ದರೆ ಹೊಸ ಸೀಲ್ ಕೂಡ ಜಾಸ್ತಿ ದಿನ ಬಾಳುವುದಿಲ್ಲ. ಪುಣ್ಯಕ್ಕೆ ಬಿಗಿಯಾಗಿತ್ತು. ಆಮೇಲೆ ಗೇರ್ ಬಾಕ್ಸಿನ ತಲೆ ಮೇಲಿರುವ ಸಣ್ಣ ಬ್ರೀದರ್ ಮುಚ್ಚಳ ತಿರುಗಿಸಿದರು. ತಿರುಗಲೇ ಇಲ್ಲ, ಮಣ್ಣು ಕಟ್ಟಿ ಕಲ್ಲಾಗಿತ್ತು. ಬಿಸಿಯಾದ ಗಾಳಿ ಹಿಗ್ಗಿದಾಗ ಹೊರಗೆ ಹೋಗಲು ಇರುವ ದಾರಿ ಅದೊಂದೇ. ಅದು ಮುಚ್ಚಿಕೊಂಡರೆ ಒತ್ತಡ ಏರಿ ಸೀಲಿನ ಸಂದಿಯಿಂದ ಎಣ್ಣೆ ಹೊರಗೆ ಬರುತ್ತದೆ. ಬರೀ ಸೀಲ್ ಹಾಕಿ ಕಳಿಸಿದ್ದರೆ ಮತ್ತೆ ಅದೇ ಕಥೆ ಆಗುತ್ತಿತ್ತೋ ಏನೋ.

ಕೆಲಸ ಶುರು ಮಾಡುವಾಗ ಮೊದಲು ಸಡಿಲ ಮಾಡಿದ್ದು ಎಣ್ಣೆ ತುಂಬುವ ಪ್ಲಗ್. ಖಾಲಿ ಮಾಡಿದ ಮೇಲೆ ತುಂಬುವ ಪ್ಲಗ್ಗೇ ಬಿಚ್ಚದಿದ್ದರೆ ಕಾರು ಅಲ್ಲೇ ಕೂತುಕೊಳ್ಳುತ್ತದೆ, ಅದಕ್ಕೆ. ಇರಬೇಕಾದ 2 ಲೀಟರಿನಲ್ಲಿ ಬಂದದ್ದು 1.4 ಲೀಟರ್. ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್ ಅಂಟಿತ್ತು. ಹೆಬ್ಬೆರಳಲ್ಲಿ ಉಜ್ಜಿ ನೋಡಿ ಅಂದರು. ಕಾಡಿಗೆಯಷ್ಟು ನುಣ್ಣಗಿತ್ತು. ಇದು ಮಾಮೂಲಿ ಸವೆತ, ಲೋಹದ ಚೂರು ಸಿಕ್ಕಿದ್ದರೆ ಬೇರೆ ಮಾತಾಡುತ್ತಿದ್ದೆವು ಅಂದರು.

ಶಾಫ್ಟ್ ಎಳೆದ ಮೇಲೆ ಹಳೇ ಸೀಲ್ ನೋಡಿ ನನಗೆ ಪಿತ್ತ ನೆತ್ತಿಗೇರಿತು. ಅದರ ತುಟಿ, ಅಂದರೆ ಶಾಫ್ಟಿಗೆ ಒತ್ತಿಕೊಳ್ಳುವ ಅಂಚು, ಉಗುರಿನಷ್ಟು ಗಟ್ಟಿಯಾಗಿತ್ತು, ಸರಿ, ವಯಸ್ಸಾಗಿದೆ. ಆದರೆ ಸುತ್ತ ಯಾರೋ ಸಿಲಿಕೋನ್ ಮೆತ್ತಿದ್ದರು! ಮಾರಿದವರಿಗೆ ಎಲ್ಲ ಗೊತ್ತಿತ್ತು ಅಂತಾಯಿತು. ಕಾರು ತಗೊಳ್ಳುವಾಗ ಎಂಜಿನ್ ಕೆಳಗೆಲ್ಲ ಕನ್ನಡಿ ಥರ ಹೊಳೆಯುತ್ತಿತ್ತು, ನಾನು ಅದನ್ನು ನೋಡಿ ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂತ ಹೊಗಳಿ ಬೇರೆ ಬಂದಿದ್ದೆ. ಹಳೇ ಕಾರಿನ ಹೊಟ್ಟೆ ತೀರಾ ಚೊಕ್ಕಟವಾಗಿದ್ದರೆ ಈಗ ನನಗೆ ಅನುಮಾನ.

ಹೊಸ ಸೀಲ್ ತಂದಾಗ ಎಡಕ್ಕೊಂದು ಬಲಕ್ಕೊಂದು ಬೇರೆ ಅಂತ ಗೊತ್ತಾಯಿತು. ಶಾಫ್ಟ್ ಯಾವ ಕಡೆ ತಿರುಗುತ್ತದೆ ಅಂತ ಅದರ ಮೇಲೆ ಬಾಣದ ಗುರುತೂ ಇತ್ತು. ಎಣ್ಣೆ ತುಂಬುವಾಗ ಹುಡುಗನೊಬ್ಬ ಜಿಎಲ್-5 ಅನ್ನುವ ದರ್ಜೆಯ ಗೇರ್ ಆಯಿಲ್ ಡಬ್ಬ ಹಿಡಿದು ಬಂದ, ಅದು ಇನ್ನೂ ಒಳ್ಳೇದು ಅಂತ. ಯಜಮಾನರು ತಡೆದರು. ಈ ಗೇರ್ ಬಾಕ್ಸಿನ ಪುಸ್ತಕದಲ್ಲಿ ಇರುವುದು 75ಡಬ್ಲ್ಯು-80 ಮಂದತೆಯ, ಜಿಎಲ್-4 ದರ್ಜೆಯದ್ದು. ಜಿಎಲ್-5ರಲ್ಲಿ ಗಂಧಕದ ಅಂಶ ಜಾಸ್ತಿ, ಕೆಲವು ಎಣ್ಣೆಗಳು ಗೇರ್ ಸಲೀಸಾಗಿ ಬೀಳಲು ಇರುವ ಹಿತ್ತಾಳೆಯ ಸಿಂಕ್ರೋ ರಿಂಗ್‌ಗಳನ್ನು ತಿನ್ನುತ್ತವೆ. ಸರಿಯಾದದ್ದನ್ನು, ಕಾರು ಮಟ್ಟವಾಗಿರುವಾಗ, ತುಂಬುವ ತೂತಿನಿಂದ ವಾಪಸ್ ಹನಿಯುವವರೆಗೆ ಹಾಕಿದರು. ಡ್ರೈನ್ ಪ್ಲಗ್‌ಗೆ ಹೊಸ ವಾಷರ್.

ಇಷ್ಟೆಲ್ಲ ಹೊಗಳಿದೆನಲ್ಲ, ಈಗ ಬೈಗುಳ. ಸಂಜೆ ಕೊಡುತ್ತೇವೆ ಅಂದವರು ಕೊಟ್ಟಿದ್ದು ಮರುದಿನ ಮಧ್ಯಾಹ್ನ, ಒಂದು ಫೋನ್ ಕೂಡ ಇಲ್ಲ. ಸ್ಟೀರಿಂಗ್ ಮೇಲೆ ಎಣ್ಣೆ ಕೈ ಅಚ್ಚು. ಅದೆಲ್ಲ ಹೋಗಲಿ ಅಂದರೆ, ಹತ್ತೇ ದಿನಕ್ಕೆ ರಟ್ಟಿನ ಮೇಲೆ ಅದೇ ಜಾಗದಲ್ಲಿ ಮತ್ತೆ ಕಲೆ. ರೇಗಿಕೊಂಡೇ ಹೋದೆ. ವಾದ ಮಾಡಲಿಲ್ಲ, ಬಿಚ್ಚಿದರು. ಹೊಸ ಸೀಲಿನ ತುಟಿಯಲ್ಲಿ ಒಂದು ಕಡೆ ಸಣ್ಣ ಸೀಳು. ಶಾಫ್ಟ್ ತೂರಿಸುವಾಗ ಅದರ ಹಲ್ಲು ತಾಗಿದೆ, ತಪ್ಪು ನಮ್ಮದೇ ಅಂತ ಬೆರಳಿಟ್ಟು ತೋರಿಸಿದರು. ಎರಡನೇ ಸಲ ಹಲ್ಲಿನ ಮೇಲೆ ಟೇಪು ಸುತ್ತಿ, ಸೀಲಿನ ತುಟಿಗೆ ಎಣ್ಣೆ ಸವರಿ, ಮೆಲ್ಲಗೆ ತೂರಿಸಿ, ಟೇಪು ಒಳಗೆ ಉಳಿಯದ ಹಾಗೆ ಬಿಚ್ಚಿಕೊಂಡರು. ಕೂಲಿ ತಗೊಳ್ಳಲಿಲ್ಲ. ಆದರೂ ಎಲ್ಲ ಅಷ್ಟು ತಾಳ್ಮೆಯಿಂದ ಮಾಡಿದವರು ಈ ಒಂದು ಟೇಪನ್ನು ಮೊದಲ ಸಲವೇ ಯಾಕೆ ಸುತ್ತಲಿಲ್ಲ ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಆಟೋಮ್ಯಾಟಿಕ್ ಇರುವವರಿಗೆ ಒಂದು ಮಾತು. ತೊಳೆದು, ಪೌಡರ್ ಹಾಕಿ, ಓಡಿಸಿ ನೋಡುವ ಉಪಾಯ ನಿಮಗೂ ನಡೆಯುತ್ತದೆ. ಆದರೆ ನಿಮ್ಮ ಎಣ್ಣೆ ಸಾಮಾನ್ಯವಾಗಿ ಕೆಂಪು, ಕೆಳಗಿನ ಪ್ಯಾನ್ ಗ್ಯಾಸ್ಕೆಟ್ಟು, ಕೂಲರ್ ಪೈಪುಗಳನ್ನೂ ನೋಡಬೇಕು. ಕೆಲವು ಕಾರುಗಳ ಪವರ್ ಸ್ಟೀರಿಂಗ್‌ಗೂ ಇದೇ ಕೆಂಪು ಎಣ್ಣೆ ಇರುತ್ತದೆ, ಗಾಬರಿಯಾಗುವ ಮೊದಲು ಅದನ್ನೂ ನೋಡಿಕೊಳ್ಳಿ. ಲೀಕ್ ನಿಲ್ಲಿಸುವ ಬಾಟಲಿ ನಾನೂ ತರಲು ಹೊರಟಿದ್ದೆ. ಅದು ರಬ್ಬರನ್ನು ಉಬ್ಬಿಸುತ್ತದೆ ಅಷ್ಟೇ, ಮಣ್ಣು ಕಟ್ಟಿದ ಬ್ರೀದರ್ ತೆರೆಯುವುದಿಲ್ಲ, ಸೀಳಿದ ತುಟಿ ಹೊಲಿಯುವುದಿಲ್ಲ.

ಈಗ ಆರು ತಿಂಗಳಾಯಿತು, ರಟ್ಟು ಒಣಗಿದೆ. 5ಕ್ಕೆ 4 ಕೊಡುತ್ತೇನೆ, ಒಂದು ಅಂಕ ಆ ಟೇಪಿಗೆ ಹೋಯಿತು. ಮುಂದಿನ ಸಲವೂ ಅಲ್ಲಿಗೇ ಹೋಗುತ್ತೇನೆ, ಸ್ಟೀರಿಂಗ್‌ಗೆ ಸುತ್ತಲು ಒಂದು ಹಳೇ ಬಟ್ಟೆ ತಗೊಂಡು.