ಡೇಟಾ ಶೀಟ್ ಮಾಡಿಕೊಡುವ ಪೀಣ್ಯದ ಆಫೀಸು: ಟ್ರಾನ್ಸ್‌ಮಿಟರ್‌ಗೆ ಸೈ, ವಾಲ್ವ್‌ಗೆ ಹುಷಾರು

ಸಕ್ಕರೆ ಕಾರ್ಖಾನೆಯ ಬಾಯ್ಲರ್ ಕೆಲಸಕ್ಕೆ ಬೇಕಾದ ಇನ್‌ಸ್ಟ್ರುಮೆಂಟ್ ಡೇಟಾ ಶೀಟ್‌ಗಳನ್ನು (ಯಾವ ಉಪಕರಣ ಎಂಥದ್ದಿರಬೇಕು ಅಂತ ವೆಂಡರ್‌ಗೆ ಹೇಳುವ ಹಾಳೆ) ಪೀಣ್ಯದ ಒಂದು ಚಿಕ್ಕ ಎಂಜಿನಿಯರಿಂಗ್ ಆಫೀಸಿಗೆ ಕೊಟ್ಟಿದ್ದೆವು. ಹೆಸರು ಬೇಡ ಬಿಡಿ, ಇಂಥ ಆಫೀಸು ಬೇಕಾದಷ್ಟಿವೆ.

ಟ್ರಾನ್ಸ್‌ಮಿಟರ್ (ಪ್ರೆಶರ್, ಲೆವೆಲ್ ಥರದ್ದನ್ನು ಅಳೆದು ಸಿಗ್ನಲ್ ಕಳಿಸುವ ಉಪಕರಣ) ಶೀಟ್‌ಗಳಿಗೆ ಹೆಸರಿಡುವ ಹಾಗಿಲ್ಲ. ಡ್ರಮ್ (ಬಾಯ್ಲರಿನಲ್ಲಿ ನೀರು, ಹಬೆ ಬೇರೆಯಾಗುವ ಪಾತ್ರೆ) ಲೆವೆಲ್ ರೇಂಜ್ ಹಾಕುವ ಮುಂಚೆ ಡ್ರಮ್ ಪ್ರೆಶರ್ ಎಷ್ಟು, ಟ್ರಾನ್ಸ್‌ಮಿಟರ್ ಪೈಪು ಸೇರುವ ಟ್ಯಾಪಿಂಗ್‌ಗಳ ನಡುವೆ ಅಂತರ ಎಷ್ಟು ಅಂತ ಫೋನ್ ಮಾಡಿ ಕೇಳಿದರು. ಕೇಳಲೇಬೇಕು. ಡ್ರಮ್ಮಿನೊಳಗಿನ ಕುದಿನೀರು ಹಗುರ, ಹೋಲಿಕೆಗೆ ಅಂತ ಹೊರಗಿರುವ ಪೈಪಿನ, ಅಂದರೆ ರೆಫರೆನ್ಸ್ ಲೆಗ್ಗಿನ, ತಣ್ಣನೆ ನೀರು ಭಾರ, ಎರಡಕ್ಕೂ ಒಂದೇ ಡೆನ್ಸಿಟಿ ಹಿಡಿದರೆ ಲೆವೆಲ್ ತಪ್ಪು ತೋರಿಸುತ್ತದೆ. ಸ್ಟೀಮ್ ಲೈನಿನ ಥರ್ಮೋವೆಲ್‌ಗಳಿಗೆ (ಟೆಂಪರೇಚರ್ ಸೆನ್ಸರ್ ಕೂರಿಸುವ ಕವಚ) ಎಎಸ್‌ಎಂಇ ಪಿಟಿಸಿ 19.3 ಟಿಡಬ್ಲ್ಯು ಅನ್ನುವ ಸ್ಟ್ಯಾಂಡರ್ಡ್ ಪ್ರಕಾರ ವೇಕ್ ಫ್ರೀಕ್ವೆನ್ಸಿ ಲೆಕ್ಕವನ್ನೂ (ಹಬೆಯ ಹರಿವಿಗೆ ಅದು ಅದುರಿ ಮುರಿಯುತ್ತದೋ ಅಂತ ನೋಡುವುದು) ಜೊತೆಗೇ ಕಳಿಸಿದರು.

ಕಂಟ್ರೋಲ್ ವಾಲ್ವ್‌ನಲ್ಲಿ ಕೈಕೊಟ್ಟರು. ಶೀಟಿನಲ್ಲಿ ಮಿನಿಮಮ್, ನಾರ್ಮಲ್, ಮ್ಯಾಕ್ಸಿಮಮ್ ಅಂತ ಮೂರು ಕಾಲಂ ಇರುತ್ತಲ್ವಾ, ಫೀಡ್ ವಾಟರ್ ವಾಲ್ವ್‌ಗೆ ಫ್ಲೋ ಮಾತ್ರ ಬದಲಾಯಿಸಿ ಇನ್‌ಲೆಟ್, ಔಟ್‌ಲೆಟ್ ಪ್ರೆಶರ್ ಮೂರಕ್ಕೂ ಒಂದೇ ಕಾಪಿ ಹೊಡೆದಿದ್ದರು. ಬಾಯ್ಲರ್ ಹಚ್ಚುವಾಗ ಡ್ರಮ್ಮಿನಲ್ಲಿ ಪ್ರೆಶರ್ ಇನ್ನೂ ಏರಿರುವುದಿಲ್ಲ, ಪಂಪ್ ಮಾತ್ರ ಜೋರಾಗಿ ಒತ್ತುತ್ತಿರುತ್ತದೆ, ಹಾಗಾಗಿ ಫ್ಲೋ ಕಡಿಮೆ ಇದ್ದರೂ ವಾಲ್ವ್ ಮೇಲಿನ ಪ್ರೆಶರ್ ಡ್ರಾಪ್ ಆಗಲೇ ಎಲ್ಲಕ್ಕಿಂತ ಜಾಸ್ತಿ. ಆ ಕೇಸು ಶೀಟಲ್ಲೇ ಇಲ್ಲ. ಸಾಲದ್ದಕ್ಕೆ ವೇಪರ್ ಪ್ರೆಶರ್ (ಇದಕ್ಕಿಂತ ಕೆಳಗಿಳಿದರೆ ನೀರು ಆವಿಯಾಗುವ ಪ್ರೆಶರ್) 0.03 ಬಾರ್ ಅಂತ ಹಾಕಿದ್ದರು. ಅದು 25 ಡಿಗ್ರಿ ನೀರಿನ ಲೆಕ್ಕ. ನಮ್ಮ ನೀರು ಡೀಏರೇಟರ್‌ನಿಂದ (ನೀರಿನಲ್ಲಿ ಕರಗಿದ ಗಾಳಿ ತೆಗೆಯುವ ಟ್ಯಾಂಕ್) 105 ಡಿಗ್ರಿಗೆ ಬರುತ್ತದೆ, ಅದಕ್ಕೆ ಸುಮಾರು 1.2 ಬಾರ್ ಅಬ್ಸಲ್ಯೂಟ್ ಆಗಬೇಕು. ಇದನ್ನೇ ನಂಬಿ ವೆಂಡರ್ ಸೈಜಿಂಗ್ ಮಾಡಿದರೆ ಕ್ಯಾವಿಟೇಶನ್ (ವಾಲ್ವಿನೊಳಗೆ ಆವಿಗುಳ್ಳೆ ಎದ್ದು ಒಡೆದು ಲೋಹ ತಿನ್ನುವುದು) ಕಾಣುವುದೇ ಇಲ್ಲ, ಸಾದಾ ಟ್ರಿಮ್ (ಪ್ಲಗ್, ಸೀಟ್ ಥರದ ಒಳಭಾಗ) ಕೋಟ್ ಮಾಡುತ್ತಾನೆ, ಆಮೇಲೆ ಟ್ರಿಮ್ ತಿಂದು ಹೋಗುವುದು ನಮ್ಮ ಪ್ಲಾಂಟಿನಲ್ಲಿ.

ಇನ್ನೊಂದು ಚಾಳಿ, ಸುಮ್ನೆ ಎಲ್ಲದಕ್ಕೂ 'ವೆಂಡರ್ ಟು ಸ್ಪೆಸಿಫೈ' ಅಂತ ತುಂಬುವುದು. ಮಾಡೆಲ್ ನಂಬರ್‌ಗೆ ಸರಿ. ಫೇಲ್ ಪೊಸಿಷನ್‌ಗೂ ಅದನ್ನೇ ಬರೆದರೆ? ಏರ್ ಹೋದಾಗ ನಮ್ಮ ವಾಲ್ವ್ ತೆರೆಯಬೇಕೋ ಮುಚ್ಚಬೇಕೋ ಅಂತ ಮಾರುವವನು ಹೇಳಬೇಕಾ?

ತೋರಿಸಿದ ಮೇಲೆ ತಕರಾರಿಲ್ಲದೆ ತಿದ್ದಿಕೊಟ್ಟರು. ರಿವಿಷನ್ ಕೆಲಸ ಅಚ್ಚುಕಟ್ಟು, ಬದಲಾದ ಸಾಲಿನ ಪಕ್ಕ ತ್ರಿಕೋನದೊಳಗೆ ನಂಬರ್ ಹಾಕಿರುತ್ತಾರೆ, ಹುಡುಕುವ ಗೋಜಿಲ್ಲ.

ಮೂರೂವರೆ ಸ್ಟಾರ್. ಟ್ರಾನ್ಸ್‌ಮಿಟರ್, ಗೇಜ್, ಥರ್ಮೋವೆಲ್ ಧೈರ್ಯವಾಗಿ ಕೊಡಿ. ವಾಲ್ವ್ ಕೊಡುವುದಾದರೆ ಸ್ಟಾರ್ಟಪ್ ಕೇಸು ಸೇರಿಸಿ ಪ್ರೋಸೆಸ್ ಡೇಟಾ ನೀವೇ ತುಂಬಿ ಕೊಡಿ. ರೇಟು ಟ್ಯಾಗ್ (ಒಂದೊಂದು ಉಪಕರಣಕ್ಕಿರುವ ನಂಬರ್) ಲೆಕ್ಕದಲ್ಲಿ, ಒಂದೇ ಥರದ ಹತ್ತು ಗೇಜ್ ಇದ್ದರೂ ಹತ್ತರ ದುಡ್ಡು ಕೇಳುತ್ತಾರೆ, ಅದನ್ನು ಆರ್ಡರ್‌ಗೆ ಮುಂಚೆಯೇ ಮಾತಾಡಿಕೊಳ್ಳಿ.