ಬಿಟ್ಟಿ, ಅರ್ಧ ಬಿಟ್ಟಿ, ಪೂರ್ತಿ ಬೆಲೆ: ಮೂರು ಆಟಗಳ ಹೋಲಿಕೆ

ಗೆನ್ಶಿನ್ ಇಂಪ್ಯಾಕ್ಟ್ ಮತ್ತು ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೋ ಗೇಮ್‌ಗಳು ಆಟಗಾರರ ಕೈಗೆ ಮೊದಲು ಸಿಕ್ಕಿದ್ದು ಹೆಚ್ಚುಕಮ್ಮಿ ಒಂದೇ ವಾರದ ಅಂತರದಲ್ಲಿ. ಗೆನ್ಶಿನ್ 2020ರ ಸೆಪ್ಟೆಂಬರ್ 28ರಂದು ಬಿಟ್ಟಿಯಾಗಿ ಬಂತು. ಬಾಲ್ಡರ್ಸ್ ಗೇಟ್ ಅಕ್ಟೋಬರ್ 6ರಂದು ಇನ್ನೂ ಅರೆಬೆಂದ ಸ್ಥಿತಿಯಲ್ಲೇ ಪೂರ್ತಿ ಬೆಲೆಗೆ ‘ಅರ್ಲಿ ಆ್ಯಕ್ಸೆಸ್’ ಎಂದು ಬಂತು. ಪೂರ್ಣ ಆಟ ಹೊರಬಿದ್ದದ್ದು 2023ರ ಆಗಸ್ಟ್ 3ರಂದು. ಇವೆರಡರ ನಡುವೆ ನಿಲ್ಲುವುದು 2024ರ ಫೆಬ್ರವರಿಯಲ್ಲಿ ಬಂದ ಹೆಲ್‌ಡೈವರ್ಸ್ 2. ಅದು ಬಾಗಿಲಲ್ಲಿ ಟಿಕೆಟ್ಟನ್ನೂ ಹರಿಯುತ್ತದೆ, ಒಳಗೆ ಅಂಗಡಿಯನ್ನೂ ಇಟ್ಟಿದೆ. ಮೂರನ್ನೂ ನಾಲ್ಕು ಜನ ಕೂಡಿ ಆಡಬಹುದು, ಮೂರೂ ಗೆದ್ದ ಆಟಗಳೇ. ಸೋತ ಆಟವನ್ನು ಗೆದ್ದ ಆಟದ ಪಕ್ಕ ಇಟ್ಟು ತೂಗಿದರೆ ತಕ್ಕಡಿ ಮೊದಲೇ ವಾಲಿರುತ್ತದೆ. ಅದಕ್ಕೇ ಈ ಮೂರು.

ಕಿಸೆಯ ಲೆಕ್ಕ

ಬಾಲ್ಡರ್ಸ್ ಗೇಟ್‌ನ ಲೆಕ್ಕ ಒಂದೇ ಸಾಲಿನದು. ಅಮೆರಿಕದಲ್ಲಿ 60 ಡಾಲರ್, ಭಾರತದಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಬಿಡುಗಡೆಯಾದಾಗ 2,999 ರೂಪಾಯಿ. ಆಟದೊಳಗೆ ಅಂಗಡಿಯೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಬಂದ ಎಂಟನೆಯ ದೊಡ್ಡ ಪ್ಯಾಚ್ (ಅಪ್‌ಡೇಟ್) ಪಾತ್ರಗಳಿಗೆ 12 ಹೊಸ ಉಪವರ್ಗಗಳನ್ನು, ಬೇರೆ ಬೇರೆ ಯಂತ್ರಗಳವರು ಕೂಡಿ ಆಡುವ ಕ್ರಾಸ್‌ಪ್ಲೇಯನ್ನು ಸೇರಿಸಿತು. ಅದಕ್ಕೂ ಕಾಸು ಕೇಳಲಿಲ್ಲ.

ಹೆಲ್‌ಡೈವರ್ಸ್ 2ಕ್ಕೆ 40 ಡಾಲರ್. ಆಮೇಲೆ ಬರುವ ‘ವಾರ್‌ಬಾಂಡ್’ಗಳಿಗೆ (ಹೊಸ ಆಯುಧ, ಕವಚಗಳ ಕಟ್ಟು) ಸಾಮಾನ್ಯವಾಗಿ ತಲಾ 1,000 ಸೂಪರ್ ಕ್ರೆಡಿಟ್ ಎಂಬ ಆಟದ ನಾಣ್ಯ, ಅಂದರೆ 10 ಡಾಲರ್. ಈ ಕ್ರೆಡಿಟ್ ಆಟದ ನೆಲದ ಮೇಲೂ ಬಿದ್ದಿರುತ್ತದೆ, ಒಂದು ಸಲಕ್ಕೆ 10, ಅಪರೂಪಕ್ಕೆ 100. ಹೆಕ್ಕಿಯೇ ಒಂದು ವಾರ್‌ಬಾಂಡ್ ಕೊಳ್ಳಬೇಕೆಂದರೆ ಸುಮಾರು ನೂರು ಸಲ ಬಗ್ಗಬೇಕು. ಸುಲಭದ ಹಂತದಲ್ಲಿ ಮೂಲೆಮೂಲೆ ತಿರುಗುವವರಿಗೆ ಇದು ಆಗದ ಕೆಲಸವಲ್ಲ. ಇದರಲ್ಲಿ ಮೆಚ್ಚಬೇಕಾದದ್ದು ಒಂದು: ಕೊಂಡ ವಾರ್‌ಬಾಂಡ್‌ಗೆ ಅವಧಿ ಇಲ್ಲ. ಸೀಸನ್ ಮುಗಿಯಿತು, ನೀವು 60ನೇ ಹಂತದಲ್ಲೇ ಇದ್ದೀರಿ, ಉಳಿದದ್ದು ಗೋವಿಂದ ಎನ್ನುವ ಬ್ಯಾಟಲ್ ಪಾಸ್ ಕಾಟ ಇಲ್ಲಿಲ್ಲ.

ಗೆನ್ಶಿನ್‌ಗೆ ಕಾಗದ ಪೆನ್ನು ಬೇಕು. ಕಥೆ, ನಕ್ಷೆ ಎಲ್ಲ ಬಿಟ್ಟಿ. ದುಡ್ಡು ಹೋಗುವುದು ಪಾತ್ರಗಳಿಗೆ. ಐದು ನಕ್ಷತ್ರದ ಹೊಸ ಪಾತ್ರ ನೇರವಾಗಿ ಮಾರಾಟಕ್ಕಿಲ್ಲ, ‘ವಿಶ್’ ಎಂಬ ಲಾಟರಿ ಎಳೆಯಬೇಕು. ಒಂದು ಪುಲ್‌ಗೆ, ಅಂದರೆ ಒಂದು ಎಳೆತಕ್ಕೆ, 160 ಪ್ರೈಮೋಜೆಮ್ ಎಂಬ ಆಟದ ನಾಣ್ಯ. ಐದು ನಕ್ಷತ್ರ ಬೀಳುವ ಸಾಧ್ಯತೆ ಪ್ರತಿ ಪುಲ್‌ಗೆ 0.6%, 90ನೇ ಪುಲ್‌ಗೆ ಖಾತ್ರಿ. ಆದರೆ ಖಾತ್ರಿಯಾಗಿ ಬಿದ್ದದ್ದು ನಿಮಗೆ ಬೇಕಾದ ಪಾತ್ರವೇ ಆಗಿರಬೇಕೆಂದಿಲ್ಲ. ಮೊದಲು ಅದು ಅರ್ಧಕ್ಕರ್ಧ ಅದೃಷ್ಟವಾಗಿತ್ತು, 2024ರ ಆಗಸ್ಟ್‌ನ 5.0 ಆವೃತ್ತಿಯಿಂದ ಒಟ್ಟಾರೆ 55%. ತಪ್ಪಿದರೆ ಮುಂದಿನ ಸಲ ಖಾತ್ರಿ. ಅಂದರೆ ಗ್ರಹಚಾರ ಪೂರ್ತಿ ಕೆಟ್ಟರೆ 180 ಪುಲ್, 28,800 ಪ್ರೈಮೋಜೆಮ್. ಸುಮಾರು 100 ಡಾಲರ್‌ನ ದೊಡ್ಡ ಪೊಟ್ಟಣದಲ್ಲಿ ಬೋನಸ್ ಸೇರಿ 8,080 ಸಿಗುತ್ತದೆ. ಹಾಗಾಗಿ ನಾಲ್ಕು ಪೊಟ್ಟಣ, 400 ಡಾಲರ್. ಅಷ್ಟರಲ್ಲಿ ಬಾಲ್ಡರ್ಸ್ ಗೇಟ್‌ನ ಆರು ಪ್ರತಿ ಕೊಂಡು ಚಿಲ್ಲರೆಯೂ ಉಳಿಯುತ್ತದೆ. ಇಲ್ಲಿ ಸಿಕ್ಕಿದ್ದು ಒಂದು ಪಾತ್ರ.

ಕಾಸು ಹಾಕದೆ ಆಡುವವರ ಲೆಕ್ಕ ಬೇರೆ. ದಿನದ ನಾಲ್ಕು ಚಿಕ್ಕ ಕೆಲಸ ಮುಗಿಸಿದರೆ 60 ಪ್ರೈಮೋಜೆಮ್. ಅಷ್ಟನ್ನೇ ನಂಬಿ ಕೂತರೆ 28,800ಕ್ಕೆ 480 ದಿನ. ಈವೆಂಟ್, ನಕ್ಷೆಯ ಪೆಟ್ಟಿಗೆ, ತಿಂಗಳ ಸವಾಲು ಸೇರಿದರೆ ಇದಕ್ಕಿಂತ ಬಹಳ ಬೇಗ ಆಗುತ್ತದೆ. ಎರಡು ಮೂರು ಬ್ಯಾನರ್ (ನಿಗದಿತ ಅವಧಿಗೆ ತೆರೆಯುವ ಪಾತ್ರದ ಲಾಟರಿ) ಬಿಟ್ಟು ಒಂದಕ್ಕೆ ಕೂಡಿಡುವ ತಾಳ್ಮೆ ಬೇಕು, ಅಷ್ಟೇ. ಹೆಚ್ಚಿನವರು ಎಡವುವುದು ಬ್ಯಾನರ್‌ನ ಕೊನೆಯ ರಾತ್ರಿ. 70 ಪುಲ್ ಆಗಿದೆ, ನಾಳೆ ಈ ಲೆಕ್ಕ ಸೊನ್ನೆಯಾದೀತು ಎಂಬ ಗಾಬರಿಯಲ್ಲಿ ಟಾಪ್-ಅಪ್ ಮಾಡುತ್ತಾರೆ. ಸೊನ್ನೆಯಾಗುವುದಿಲ್ಲ, ಆ ಎಣಿಕೆ ಮುಂದಿನ ಪಾತ್ರದ ಬ್ಯಾನರ್‌ಗೆ ಹಾಗೇ ದಾಟುತ್ತದೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಎನ್ನುತ್ತೇವಲ್ಲ, ಈ ಆಟದಲ್ಲಿ ಪುಕ್ಕಟೆ ನಿಜವಾಗಿಯೂ ಇದೆ. ಕಾಯುವವರಿಗೆ ಮಾತ್ರ ಸಿಗುತ್ತದೆ.

ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ 2025ರ ಜನವರಿಯಲ್ಲಿ ಈ ಆಟದ ಪ್ರಕಾಶಕರೊಂದಿಗೆ 2 ಕೋಟಿ ಡಾಲರ್‌ನ ರಾಜಿ ಮಾಡಿಕೊಂಡದ್ದೂ ಇದೇ ಲಾಟರಿಯ ಸುತ್ತ. 16 ತುಂಬದ ಮಕ್ಕಳಿಗೆ ಹೆತ್ತವರ ಒಪ್ಪಿಗೆ ಇಲ್ಲದೆ ಮಾರಬಾರದು, ಸಾಧ್ಯತೆಯ ಪ್ರಮಾಣ ಮತ್ತು ನಾಣ್ಯದ ನಿಜ ಬೆಲೆ ಮುಚ್ಚಿಡಬಾರದು ಎಂಬ ಷರತ್ತುಗಳು ಅದರಲ್ಲಿವೆ. ಮನೆಯಲ್ಲಿ ಮಕ್ಕಳ ಕೈಗೆ ಫೋನ್ ಹೋಗುವುದಾದರೆ ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವಂತೆ ಮಾಡಿ. ಅಲ್ಲೇ ಇರುವ ತಿಂಗಳ ‘ಬಜೆಟ್’ ಸೌಲಭ್ಯವನ್ನು ನಂಬಿ ಕೂರಬೇಡಿ. ಅದು ಮಿತಿ ದಾಟಿದಾಗ ಎಚ್ಚರಿಸುತ್ತದೆ, ತಡೆಯುವುದಿಲ್ಲ.

ಹೊತ್ತಿನ ಲೆಕ್ಕ

ಗೆನ್ಶಿನ್‌ನಲ್ಲಿ ಪಾತ್ರವನ್ನು ಬಲಪಡಿಸಲು ‘ರೆಸಿನ್’ ಬೇಕು. 8 ನಿಮಿಷಕ್ಕೆ ಒಂದರಂತೆ ತುಂಬುತ್ತದೆ, 200ಕ್ಕೆ ನಿಲ್ಲುತ್ತದೆ. ಖಾಲಿ ಪಾತ್ರೆ ತುಂಬಲು 26 ಗಂಟೆ 40 ನಿಮಿಷ. ಆಮೇಲೆ ಬರುವುದೆಲ್ಲ ಚರಂಡಿ ಪಾಲು. ದಿನಕ್ಕೊಮ್ಮೆ ಲಾಗಿನ್ ಆಗಲೇಬೇಕು ಎನಿಸುವಂತೆ ಕೂರಿಸಿದ ಸಂಖ್ಯೆ ಇದು. ಹಿಂದೆ ಮಿತಿ 160 ಇತ್ತು, ಆಗ 21 ಗಂಟೆ 20 ನಿಮಿಷಕ್ಕೇ ತುಂಬಿ ಹರಿಯುತ್ತಿತ್ತು. 2024ರಲ್ಲಿ ಸಡಿಲಿಸಿದ ಮೇಲೆ ದಿನಾ ಒಂದೇ ಹೊತ್ತಿಗೆ ಬಂದರೂ ನಷ್ಟವಿಲ್ಲ. ಬಂದರೆ 20 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಹಸುವಿಗೆ ಹುಲ್ಲು ಹಾಕಿದ ಹಾಗೆ, ಕಷ್ಟವೇನಿಲ್ಲ, ಆದರೆ ಬಿಡುವಂತಿಲ್ಲ.

ಬಾಲ್ಡರ್ಸ್ ಗೇಟ್ ತದ್ವಿರುದ್ಧ. 20 ನಿಮಿಷದಲ್ಲಿ ಒಂದು ಕಾಳಗವೂ ಮುಗಿಯದಿರಬಹುದು. ಎರಡು ಗಂಟೆ ಕೂತರೇ ಹಿತ, ಪೂರ್ತಿ ಕಥೆಗೆ 70 ರಿಂದ 100 ಗಂಟೆ. ಆದರೆ ಮೂರು ತಿಂಗಳು ಮುಟ್ಟದಿದ್ದರೂ ಏನೂ ಹಾಳಾಗದು, ಬಿಟ್ಟ ಜಾಗದಲ್ಲೇ ಪಾತ್ರಗಳು ನಿಂತಿರುತ್ತವೆ. ಹೆಲ್‌ಡೈವರ್ಸ್‌ನ ಒಂದು ದೊಡ್ಡ ಕಾರ್ಯಾಚರಣೆ 40 ನಿಮಿಷದ್ದು. ವಾರಕ್ಕೆರಡು ಸಂಜೆ ಸಾಕು. ಆದರೆ ತಿಂಗಳು ಬಿಟ್ಟು ಬಂದರೆ ನೀವು ನೆಚ್ಚಿದ ಬಂದೂಕು ಅದೇ ಬಂದೂಕಾಗಿ ಇರದಿರಬಹುದು. 2024ರ ಆಗಸ್ಟ್‌ನ ಅಪ್‌ಡೇಟ್ ಆಟಗಾರರ ಮೆಚ್ಚಿನ ಫ್ಲೇಮ್‌ಥ್ರೋವರ್‌ನ ಶಕ್ತಿ ತಗ್ಗಿಸಿ ಬೈಸಿಕೊಂಡಿತು. ತಯಾರಕರು 60 ದಿನದ ದುರಸ್ತಿ ಯೋಜನೆ ಘೋಷಿಸಬೇಕಾಯಿತು.

ನೆಟ್ಟು, ಜಾಗ, ಯಂತ್ರ

ಬಾಲ್ಡರ್ಸ್ ಗೇಟ್ 150 ಜಿಬಿ ಕೇಳುತ್ತದೆ, ಅದೂ ಎಸ್‌ಎಸ್‌ಡಿಯಲ್ಲಿ. ಕನಿಷ್ಠ 8 ಜಿಬಿ ರ್‍ಯಾಮ್, ಜಿಟಿಎಕ್ಸ್ 970 ದರ್ಜೆಯ ಗ್ರಾಫಿಕ್ಸ್ ಕಾರ್ಡ್. ಮೊದಲ ಭಾಗ ಚೆನ್ನಾಗಿ ಓಡಿತೆಂದು ನಿಶ್ಚಿಂತರಾಗಬೇಡಿ. ಮೂರನೆಯ ಭಾಗದ ಪಟ್ಟಣದಲ್ಲಿ ಜನಸಂದಣಿ ಹೆಚ್ಚು, ಭಾರ ಬೀಳುವುದು ಸಿಪಿಯು ಮೇಲೆ. ಹಳೆಯ ಪ್ರೊಸೆಸರ್‌ಗಳು ಅಲ್ಲಿ ಏದುಸಿರು ಬಿಡುತ್ತವೆ, ಗ್ರಾಫಿಕ್ಸ್ ಇಳಿಸಿದರೂ ದೊಡ್ಡ ಲಾಭವಿಲ್ಲ. ಡೌನ್‌ಲೋಡ್ ವಿಚಾರಕ್ಕೆ ಬಂದರೆ, 100 ಎಂಬಿಪಿಎಸ್ ಫೈಬರ್‌ನಲ್ಲಿ ಪ್ರತಿ 100 ಜಿಬಿ ಇಳಿಯಲು ಸುಮಾರು ಎರಡೂಕಾಲು ಗಂಟೆ. ದಿನಕ್ಕೆ 1.5 ಜಿಬಿಯ ಮೊಬೈಲ್ ಪ್ಯಾಕ್ ನಂಬಿದರೆ 67 ದಿನ.

ಆಟ ನಿಮ್ಮದೇ ಆಗಿ ಉಳಿಯಬೇಕಿದ್ದರೆ ಗಾಗ್ (GOG) ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳಿ. ಅಲ್ಲಿ ಬೀಗವಿಲ್ಲದ ಆಫ್‌ಲೈನ್ ಇನ್‌ಸ್ಟಾಲರ್ ಸಿಗುತ್ತದೆ, 4 ಜಿಬಿ ತುಂಡುಗಳಾಗಿ. ಒಂದು ತುಂಡು ತಪ್ಪಿದರೂ ಇನ್‌ಸ್ಟಾಲ್ ನಡುವೆ ನಿಲ್ಲುತ್ತದೆ, ಆದ್ದರಿಂದ ಎಣಿಸಿ ಇಟ್ಟುಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ತುಂಡುಗಳೂ ಆಟವೂ ಒಂದೇ ಡ್ರೈವ್‌ನಲ್ಲಿದ್ದರೆ ಜಾಗ ಹತ್ತಿರ ಹತ್ತಿರ ಎರಡರಷ್ಟು ಬೇಕು. ತುಂಡುಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಸಾಗಿಸಿದರೆ ಆ ಪೇಚಿಲ್ಲ. ಸೇವ್ ಫೈಲುಗಳು ವಿಂಡೋಸ್‌ನ ‘ಆ್ಯಪ್‌ಡೇಟಾ’ದ ‘ಲೋಕಲ್’ ಒಳಗೆ ‘ಲಾರಿಯನ್ ಸ್ಟುಡಿಯೋಸ್’ ಫೋಲ್ಡರ್‌ನಲ್ಲಿರುತ್ತವೆ. ವಿಂಡೋಸ್ ಹೊಸದಾಗಿ ಹಾಕುವ ಮೊದಲು ಅದನ್ನು ನಕಲು ಮಾಡಿಕೊಳ್ಳದೆ ನೂರು ಗಂಟೆ ಕಳೆದುಕೊಳ್ಳುವುದು ಬಹಳ ಸುಲಭ.

ಹೆಲ್‌ಡೈವರ್ಸ್ 2ರ ಪಿಸಿ ಆವೃತ್ತಿ ಒಂದು ಕಾಲಕ್ಕೆ 154 ಜಿಬಿಗೆ ಉಬ್ಬಿತ್ತು. ಹಳೆಯ ಹಾರ್ಡ್ ಡಿಸ್ಕ್‌ನವರಿಗೆ ಬೇಗ ಲೋಡ್ ಆಗಲೆಂದು ಒಂದೇ ಫೈಲನ್ನು ಹಲವು ಕಡೆ ನಕಲಿಟ್ಟಿದ್ದೇ ಕಾರಣ. ಅಳೆದು ನೋಡಿದರೆ ತಡವಾಗುತ್ತಿದ್ದದ್ದು ಮುಖ್ಯವಾಗಿ ಯುದ್ಧಭೂಮಿಯನ್ನು ಹೊಸದಾಗಿ ಕಟ್ಟುವುದರಿಂದ. 2025ರ ಡಿಸೆಂಬರ್‌ನಲ್ಲಿ ನಕಲುಗಳನ್ನು ಕಿತ್ತ ಆವೃತ್ತಿ ಬಂದಾಗ ಗಾತ್ರ 23 ಜಿಬಿ ಆಯಿತು. ಲೈವ್ ಸರ್ವಿಸ್‌ನ (ಬಿಡುಗಡೆಯಾದ ಮೇಲೂ ಸರ್ವರ್‌ನಿಂದ ನಡೆಸುತ್ತಾ, ಹೊಸದನ್ನು ಸೇರಿಸುತ್ತಾ ಹೋಗುವ ಆಟದ) ಒಳ್ಳೆಯ ಮುಖ ನೋಡಬೇಕಿದ್ದರೆ ಇದು: ಮಾರಿ ಸುಮಾರು ಎರಡು ವರ್ಷ ಆದಮೇಲೂ ಯಾರೋ ಕೂತು ಕಸ ಗುಡಿಸುತ್ತಿದ್ದಾರೆ. ಕೆಟ್ಟ ಮುಖ ಬಿಡುಗಡೆಯ ತಿಂಗಳೇ ಕಂಡಿತ್ತು. ಏಕಕಾಲಕ್ಕೆ 4.5 ಲಕ್ಷ ಜನರ ಮಿತಿ ಹಾಕಬೇಕಾಗಿ ಬಂದು, 40 ಡಾಲರ್ ಕೊಟ್ಟವರು ಬಾಗಿಲಲ್ಲೇ ನಿಂತರು.

ಗೆನ್ಶಿನ್ ಫೋನಿನಲ್ಲೂ ಓಡುತ್ತದೆ, ಅದೇ ಅದರ ದೊಡ್ಡ ಗೆಲುವು. ಒಂದು ಎಚ್ಚರ: ಆರಂಭದಲ್ಲಿ ಅಮೆರಿಕ, ಯುರೋಪ್, ಏಷ್ಯಾ, ತೈವಾನ್-ಹಾಂಗ್‌ಕಾಂಗ್-ಮಕಾವ್ ಎಂಬ ನಾಲ್ಕು ಸರ್ವರ್‌ಗಳಲ್ಲಿ ಒಂದನ್ನು ಆರಿಸಬೇಕು. ಭಾರತದ್ದೆಂದು ಬೇರೆ ಇಲ್ಲ. ಬೆಂಗಳೂರಿನಲ್ಲಿ ಇರುವವರು ಏಷ್ಯಾ, ಲಂಡನ್ನಿನ ಗೆಳೆಯ ಯುರೋಪ್ ಆರಿಸಿಕೊಂಡರೆ ಒಬ್ಬರು ಇನ್ನೊಬ್ಬರ ಸರ್ವರ್‌ನಲ್ಲಿ ಹೊಸದಾಗಿ ಶುರುಮಾಡದೆ ಕೂಡಿ ಆಡಲಾಗದು. ಗಳಿಸಿದ್ದು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಅಲ್ಲದೆ ಅಡ್ವೆಂಚರ್ ರ್‍ಯಾಂಕ್ 16 ಆಗುವವರೆಗೆ ಕೋ-ಆಪ್ (ಕೂಡಿ ಆಡುವ ಸೌಲಭ್ಯ) ತೆರೆಯದು, ತೆರೆದ ಮೇಲೂ ಪೆಟ್ಟಿಗೆ ಒಡೆಯುವ ಹಕ್ಕು ಆ ಲೋಕದ ಒಡೆಯನಿಗಷ್ಟೇ. ಕೂಡಿ ಆಡುವ ಸುಖ ಹೆಲ್‌ಡೈವರ್ಸ್‌ನದ್ದೇ ಸುಖ, ಅದರಲ್ಲಿ ಎರಡು ಮಾತಿಲ್ಲ.

ಕೊನೆಯ ದಿನ

ಒಮ್ಮೆಗೇ ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಪ್ರೀಮಿಯಂ ಆಟದ ಗಂಡಾಂತರ ಮೊದಲ ದಿನಕ್ಕೆ, ಲೈವ್ ಸರ್ವಿಸ್‌ನದ್ದು ಕೊನೆಯ ದಿನಕ್ಕೆ. ಸೈಬರ್‌ಪಂಕ್ 2077 ಬಂದ ವಾರದಲ್ಲೇ, 2020ರ ಡಿಸೆಂಬರ್‌ನಲ್ಲಿ, ದೋಷಗಳ ಕಾರಣಕ್ಕೆ ಪ್ಲೇಸ್ಟೇಷನ್ ಅಂಗಡಿಯಿಂದ ಹೊರಗೆ ಹಾಕಿಸಿಕೊಂಡಿತು. ಮರಳಿದ್ದು ಆರು ತಿಂಗಳ ನಂತರ. ಇಂದು ಅದನ್ನು ಕೊಳ್ಳುವವರಿಗೆ ಸಿಗುವುದು ದುರಸ್ತಿಯಾದ, ಅಗ್ಗವಾದ ಆಟ. ಕಾದವರೇ ಜಾಣರು. ಲೈವ್ ಸರ್ವಿಸ್ ಆಟವಾದ ಡೆಸ್ಟಿನಿ 2ರಲ್ಲಿ ಕಾದವರಿಗೆ ಏನಾಯಿತು ನೋಡಿ: 2017ರಲ್ಲಿ ಜನ ದುಡ್ಡು ಕೊಟ್ಟು ಕೊಂಡಿದ್ದ ಮೂಲ ಕಥೆಯನ್ನೇ 2020ರ ನವೆಂಬರ್‌ನಲ್ಲಿ ಆಟದಿಂದ ತೆಗೆದು ಒಳಗಿಟ್ಟರು. ತಡವಾಗಿ ಬಂದವರು ಪುಸ್ತಕದ ನಡುವಿನಿಂದ ಓದಬೇಕು.

ದಿ ಕ್ರೂ ಎಂಬ ಕಾರ್ ಓಟದ ಆಟದ್ದು ಇನ್ನೂ ಖಾರ. 2014ರಲ್ಲಿ ಡಿಸ್ಕ್ ಮೇಲೆ ಮಾರಿದ್ದ ಆಟ, ಒಬ್ಬರೇ ಆಡುವಂಥದ್ದೂ ಅದರಲ್ಲಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಮುಚ್ಚಿದರು, ಡಿಸ್ಕ್ ಟೀ ಲೋಟದಡಿ ಇಡುವ ವಸ್ತುವಾಯಿತು. ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿದ್ದು ಅಲ್ಲಿಂದ. ಯುರೋಪಿಯನ್ ಒಕ್ಕೂಟಕ್ಕೆ ಸಲ್ಲಿಸುವ ಅದರ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಮೀರಿ ಸಹಿ ಬಿತ್ತು. ನಮ್ಮಲ್ಲೂ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) 2022ರ ಜುಲೈ 28ರಂದು ಎರಡೂ ಆ್ಯಪ್ ಅಂಗಡಿಗಳಿಂದ ಮಾಯವಾಗಿ 2023ರ ಮೇವರೆಗೆ ಬರಲಿಲ್ಲ. ಸ್ಕಿನ್‌ಗೆ (ಪಾತ್ರದ ವೇಷಕ್ಕೆ) ಹಾಕಿದ ಕಾಸು ಆಟಗಾರರದ್ದು, ಬೀಗದ ಕೈ ಬೇರೆಯವರದ್ದು. ಈ ದೃಷ್ಟಿಯಲ್ಲಿ ಹೆಲ್‌ಡೈವರ್ಸ್ 2 ಮೂರರಲ್ಲಿ ಎಲ್ಲಕ್ಕಿಂತ ದುರ್ಬಲ: ಬಿಟ್ಟಿ ಸಿಕ್ಕ ಗೆನ್ಶಿನ್ ಹೋದರೆ ಕೊಡದ ದುಡ್ಡು ಹೋಗದು, ಇಲ್ಲಿ 40 ಡಾಲರ್ ಕೊಟ್ಟೂ ಆಫ್‌ಲೈನ್ ಆಟವಿಲ್ಲ.

ಹೊಸ ಲೈವ್ ಸರ್ವಿಸ್ ಕಟ್ಟುವುದು ಯಾಕೆ ಕಠಿಣವಾಗುತ್ತಿದೆ ಎಂಬುದಕ್ಕೆ ರೆಸಿನ್ ಲೆಕ್ಕವೇ ಉತ್ತರ. ದಿನಾ ಹುಲ್ಲು ಕೇಳುವ ಎರಡು ಹಸು ಇದ್ದ ಮನೆಗೆ ಮೂರನೆಯದು ಬರದು. ಮಾರ್ಚ್ 2026ರೊಳಗೆ 12 ಲೈವ್ ಸರ್ವಿಸ್ ಆಟ ತರುತ್ತೇವೆಂದಿದ್ದ ಸೋನಿ 2023ರ ನವೆಂಬರ್‌ನಲ್ಲಿ ಆ ಸಂಖ್ಯೆಯನ್ನು ಆರಕ್ಕಿಳಿಸಿತು. ಅದರದ್ದೇ ಕಾಂಕಾರ್ಡ್ 2024ರ ಆಗಸ್ಟ್ 23ರಂದು ಹುಟ್ಟಿ ಸೆಪ್ಟೆಂಬರ್ 6ಕ್ಕೆ ಕಣ್ಮುಚ್ಚಿತು. ಕೊಂಡವರಿಗೆ ದುಡ್ಡು ಮರಳಿಸಿದರು. ಐವರ ಎದುರು ಐವರು ಆಡುವ ಆಟಕ್ಕೆ ಒಂದೇ ಪ್ರದೇಶದ, ಹತ್ತಿರದ ಮಟ್ಟದ, ಅದೇ ನಿಮಿಷಕ್ಕೆ ಆಡಲು ಕೂತ ಹತ್ತು ಜನ ಬೇಕು. ಜನ ಕರಗಿದಾಗ ಮೊದಲು ಬರಿದಾಗುವುದು ಆಟಗಾರರು ಕಡಿಮೆ ಇರುವ ನಮ್ಮಂಥ ಪ್ರದೇಶಗಳ ಸರದಿ ಸಾಲು.

ಹಾಗೆಂದು ಪ್ರೀಮಿಯಂ ಗೆದ್ದಿತು ಎನ್ನಲಾಗದು. ಬಾಲ್ಡರ್ಸ್ ಗೇಟ್‌ನಂಥದ್ದಕ್ಕೆ ವರ್ಷಗಟ್ಟಲೆ ಶ್ರಮ ಬೇಕು, 2025ರಲ್ಲಿ ಮಾರಿಯೋ ಕಾರ್ಟ್ ವರ್ಲ್ಡ್‌ನ ಬೆಲೆ 80 ಡಾಲರ್ ಮುಟ್ಟಿತು. ಮುಂದಿನ ದಾರಿ ಹೆಲ್‌ಡೈವರ್ಸ್‌ನ ಬೆಲೆ ಪದ್ಧತಿ, ಅದರ ಜೊತೆಗೆ ಕೊನೆಯ ದಿನದ ಏರ್ಪಾಡು ಇರುವಂಥದ್ದು ಎಂದೇ ನಮ್ಮ ಎಣಿಕೆ. ಅಂಥ ಏರ್ಪಾಡು ಆಗದ ಮಾತೇನಲ್ಲ. ನಾಕೌಟ್ ಸಿಟಿ 2023ರ ಜೂನ್‌ನಲ್ಲಿ ಮುಚ್ಚುವಾಗ ಆಟಗಾರರೇ ನಡೆಸಬಹುದಾದ ಸರ್ವರ್ ಕೊಟ್ಟು ಹೋಯಿತು. ನಿಂಟೆಂಡೋ ತನ್ನ ಅನಿಮಲ್ ಕ್ರಾಸಿಂಗ್: ಪಾಕೆಟ್ ಕ್ಯಾಂಪ್ ಅನ್ನು 2024ರ ನವೆಂಬರ್‌ನಲ್ಲಿ ನಿಲ್ಲಿಸಿ, ಮರುವಾರವೇ ಒಂದೇ ಸಲ ಕೊಳ್ಳುವ ಆವೃತ್ತಿಯಾಗಿ ಬಿಟ್ಟಿತು, ಹಳೆಯ ಗಳಿಕೆಯನ್ನೂ ದಾಟಿಸಿಕೊಳ್ಳಲು ಅವಕಾಶ ಕೊಟ್ಟು.

ಆರಿಸುವುದಾದರೆ: ವಾರಕ್ಕೆ ಐದು ಗಂಟೆ, ಒಳ್ಳೆಯ ಪಿಸಿ, ಹೊತ್ತುಗೊತ್ತಿಲ್ಲದ ಕೆಲಸ ಇರುವವರಿಗೆ ಬಾಲ್ಡರ್ಸ್ ಗೇಟ್. ಫೋನ್ ಮಾತ್ರ ಇದ್ದು ಕೈ ಬಿಗಿ ಹಿಡಿಯಬಲ್ಲವರಿಗೆ ಗೆನ್ಶಿನ್. ಮೂವರು ಗೆಳೆಯರು ಖಾಯಂ ಸಿಗುವುದಾದರಷ್ಟೇ ಹೆಲ್‌ಡೈವರ್ಸ್. ಇನ್ನು ದುಡ್ಡು ಕೊಟ್ಟು ಕೊಳ್ಳುವ ಯಾವುದೇ ಹೊಸ ಲೈವ್ ಸರ್ವಿಸ್ ಕಣ್ಣಿಗೆ ಬಿದ್ದರೆ ಸ್ಟೀಮ್‌ನ ಮರುಪಾವತಿ ನಿಯಮವನ್ನೇ ಪರೀಕ್ಷೆಗೆ ಬಳಸಿ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್. ಶನಿವಾರ ರಾತ್ರಿ ಎಲ್ಲ ಆಟಗಳೂ ಗಿಜಿಗುಡುತ್ತವೆ. ನೀವು ಮಂಗಳವಾರ ಮಧ್ಯಾಹ್ನ ಮೂರಕ್ಕೆ ಲಾಗಿನ್ ಆಗಿ ಪಂದ್ಯ ಹುಡುಕಿ. ಮೂರು ನಿಮಿಷದಲ್ಲಿ ಎದುರಾಳಿ ಸಿಗದಿದ್ದರೆ, ಅಥವಾ ಸಿಕ್ಕವರ ಜೊತೆ ಪಿಂಗ್ (ಸಂದೇಶ ಹೋಗಿಬರಲು ಹಿಡಿಯುವ ಹೊತ್ತು) 150 ಮಿಲಿಸೆಕೆಂಡ್ ದಾಟಿದರೆ, ಅವತ್ತೇ ಮರುಪಾವತಿಗೆ ಅರ್ಜಿ ಹಾಕಿ. ಸಾಲಿನಲ್ಲಿ ಕಾದ ಹೊತ್ತೂ ಆ ಎರಡು ಗಂಟೆಯಲ್ಲೇ ಸೇರುತ್ತದೆ.